ಹಿರಿಯರ ಊಟದ ಜಾಗ: ಭಾನುವಾರದ ಸಭೆಗೆ ಮುನ್ನ

ಬಡಾವಣೆಯ ಬಂಧುಗಳೇ,

ದೇವಸ್ಥಾನದ ಪಕ್ಕದ ಹಜಾರದಲ್ಲಿ ನಡೆಯುವ ಹಿರಿಯರ ಮಧ್ಯಾಹ್ನದ ಊಟವನ್ನು ಮುಖ್ಯರಸ್ತೆಯಾಚೆಯ ಸಮುದಾಯ ಭವನಕ್ಕೆ ಸಾಗಿಸಬೇಕೇ ಎಂದು ನಿರ್ಧರಿಸಲು ಭಾನುವಾರ ಬೆಳಿಗ್ಗೆ 10 ಗಂಟೆಗೆ ಹಜಾರದಲ್ಲೇ ಸಭೆಯಿದೆ.

ಹೊಸ ಭವನದ ಅಡುಗೆಮನೆ ದೊಡ್ಡದು, ನೀರಿಗೂ ತೊಂದರೆಯಿಲ್ಲ, ಒಪ್ಪಿದೆ. ಆದರೆ ಬಾಗಿಲಿಗೆ ಐದು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಇಳಿಜಾರು ಕಟ್ಟಿದರಾಯಿತು ಎನ್ನುವವರು ಲೆಕ್ಕ ನೋಡಿ: ಗಾಲಿಕುರ್ಚಿ ಏರಲು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಇಲ್ಲಿನ ಎತ್ತರ ಎರಡೂವರೆ ಅಡಿ, ಅಂದರೆ 30 ಅಡಿ ಇಳಿಜಾರು. ಸ್ಕೂಟರ್ ನಿಲ್ಲಿಸಲೇ ಜಗಳವಾಗುವ ಆ ಅಂಗಳದಲ್ಲಿ ಅಷ್ಟು ಜಾಗವೆಲ್ಲಿದೆ?

‘ಇಂದಿರಾ ಕ್ಯಾಂಟೀನ್‌ನಲ್ಲಿ 10 ರೂಪಾಯಿಗೆ ಊಟ ಸಿಗುತ್ತದಲ್ಲ’ ಎಂದು ನಿನ್ನೆ ನಮ್ಮ ಈ ಬಡಾವಣೆಯ ಗುಂಪಿನಲ್ಲಿ ಬರೆದವರಿಗೆ: ಅಲ್ಲಿ ಸಾಮಾನ್ಯವಾಗಿ ನಿಂತೇ ಉಣ್ಣಬೇಕು. ಮಂಡಿನೋವಿನವರಿಗೆ ಅನ್ನದಷ್ಟೇ ಕುರ್ಚಿಯೂ ಮುಖ್ಯ. ಪಕ್ಕದಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ದೂರುವ ಜೊತೆಗಾರರೂ ಬೇಕು.

ಈವರೆಗೆ ಈ ಗುಂಪಿನಲ್ಲಿ ವಾದಿಸಿದವರೆಲ್ಲ ನಾವೇ, ಹಜಾರದಲ್ಲಿ ಉಣ್ಣುವ ಹಿರಿಯರಲ್ಲ. ನಿಮ್ಮ ಮನೆಯ, ಪಕ್ಕದ ಮನೆಯ ಅಜ್ಜ ಅಜ್ಜಿಯರನ್ನು ಕರೆತನ್ನಿ. ಬರಲಾಗದವರ ಮಾತನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಶನಿವಾರ ಸಂಜೆಯೊಳಗೆ ಈ ಗುಂಪಿಗೇ ಕಳುಹಿಸಿ.