ಎರಡು ಅಕ್ಷರ, ಹತ್ತು ಬಿಸ್ಕಿಟ್

ಡಿಸೆಂಬರ್ ಕೊನೆಗೆ, ತೀರಿಕೊಂಡ ಹೆಂಡತಿಯ ನೌಕರಿಯಿಂದ ನನಗೆ ಬರುವ ಪಿಂಚಣಿ ಕಡಿಮೆ ಬಂತು. ಬರುತ್ತದೆ ಅಂತ ಹತ್ತು ವರ್ಷದಿಂದ ಗೊತ್ತಿತ್ತು. ಆದರೂ ಮೊಬೈಲಿನಲ್ಲಿ ಮೆಸೇಜ್ ನೋಡಿ ಸುಮ್ನೆ ಕೂತುಬಿಟ್ಟೆ. ಅವಳು ಹೋಗಿ ಹತ್ತು ವರ್ಷ ತುಂಬಿತು ಅನ್ನುವುದನ್ನು ನಮಗಿಂತ ಕರಾರುವಾಕ್ಕಾಗಿ ಸರ್ಕಾರವೇ ಲೆಕ್ಕ ಇಟ್ಟಿತ್ತು.

ದುಡ್ಡು ಕಡಿಮೆಯಾಯಿತು ಅಂತ ಗೋಳು ಹೇಳಲು ಕೂತಿಲ್ಲ. ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಉಳಿದಿದೆ. ಹತ್ತು ವರ್ಷ ಸುಮ್ಮನಿದ್ದದ್ದೇ ಜಾಸ್ತಿ ಆಯಿತು.

ನನ್ನ ಹೆಂಡತಿ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಮೇಜರ್ ಆಗಿದ್ದಳು. ಗದಗ ಕಡೆಯ ಹಳ್ಳಿ ಹುಡುಗಿ. 'ನರ್ಸ್‌ಗೂ ಸ್ಟಾರ್ ಇರ್ತಾವಾ?' ಅಂತ ಯಾರಾದರೂ ಕೇಳಿದರೆ ಅವಳ ಮೂಗು ಕೆಂಪಾಗುತ್ತಿತ್ತು. 'ನಾವು 1888ರಲ್ಲೇ ಬಾಂಬೆ ಬಂದರಿನಲ್ಲಿ ಇಳಿದವರು' ಅನ್ನುತ್ತಿದ್ದಳು. ಫೌಜಿನ ನರ್ಸಿಂಗ್ ಶುರು ಮಾಡಲು ಆ ವರ್ಷ ಹಡಗಿನಿಂದ ಇಳಿದ ಹತ್ತು ನರ್ಸುಗಳು ಇಂಗ್ಲೆಂಡಿನವರು. ಇವಳು ಹೇಳುವ ಧಾಟಿಗೆ ಹನ್ನೊಂದನೆಯವಳು ತಾನೇ ಅನ್ನಿಸಬೇಕು. ನಾನು ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಮಿಲಿಟರಿ ಕ್ಯಾಂಟೀನ್ ಕಾರ್ಡಿನಲ್ಲಿ ಅವಳ ಡಿಪೆಂಡೆಂಟ್. ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

2015ರ ನವೆಂಬರ್‌ನಲ್ಲಿ ತೀರಿಕೊಂಡಳು. ಕಾಯಿಲೆ ಗೊತ್ತಾಗಿ ಮೂರೇ ತಿಂಗಳು. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಶುರುವಾಯಿತು ಕಾಗದದ ಕೆಲಸ. ಮೊದಲ ಫಾರ್ಮಿನಲ್ಲೇ 'ವಿಡೋ ಹೆಸರು' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಪೆನ್ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ನಿಯಮದಲ್ಲಿ ಗಂಡನಿಗೂ ಹಕ್ಕಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಫಾರ್ಮ್ ಅಚ್ಚು ಹಾಕಿಸಿದವರಿಗೆ ನನ್ನಂಥವನೊಬ್ಬ ಬಂದು ಕೂರುತ್ತಾನೆ ಅಂತ ಹೊಳೆದಿರಲಿಕ್ಕಿಲ್ಲ. ಕೊನೆಗೆ ಆ ಪದದ ಬಾಲಕ್ಕೆ ಇ, ಆರ್ ಅಂತ ಎರಡು ಅಕ್ಷರ ಸೇರಿಸಿ, ಪಕ್ಕದಲ್ಲಿ ಸಹಿ ಮಾಡಿದೆ. ಮುಂದಿನ ಒಂದು ವರ್ಷ ಎಷ್ಟು ಫಾರ್ಮಿಗೆ ಆ ಎರಡು ಅಕ್ಷರ ಅಂಟಿಸಿದೆನೋ ಲೆಕ್ಕವಿಲ್ಲ. ನಮ್ಮ ಭಾಷೆಯಲ್ಲೂ ಕಥೆ ಅದೇ, ಅಲ್ವಾ? ವಿಧುರ ಅನ್ನುವ ಪದ ಪುಸ್ತಕದಲ್ಲಿದೆ, ಬಾಯಲ್ಲಿಲ್ಲ. ಮಗ ಐದನೇ ಕ್ಲಾಸಿನಲ್ಲಿದ್ದಾಗ ಅದನ್ನು ಎಲ್ಲೋ ಓದಿ, 'ಅಪ್ಪಾ, ನೀನು ಧೃತರಾಷ್ಟ್ರನ ತಮ್ಮನಾ?' ಅಂತ ಕೇಳಿದ್ದ.

ಮೊದಲ ಥ್ಯಾಂಕ್ಸ್ ಅವಳ ಆಸ್ಪತ್ರೆಯ ಪ್ರಿನ್ಸಿಪಲ್ ಮೇಟ್ರನ್ ಮೇಡಂಗೆ. ಕೇರಳದವರು, ಮಾತು ಕಡಿಮೆ. ಹದಿಮೂರನೇ ದಿನ ಕಳೆದು ಎರಡು ದಿನಕ್ಕೆ ಮನೆಗೆ ಬಂದರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ. 'ಪಾರ್ಟ್ ಟು ಆರ್ಡರ್ ಎಲ್ಲಿದೆ?' ಅಂದರು. ಫೌಜಿನಲ್ಲಿ ಮದುವೆಯಾದರೂ ಮಗು ಹುಟ್ಟಿದರೂ ಅದು ಪಾರ್ಟ್ ಟು ಆರ್ಡರ್‌ನಲ್ಲಿ ದಾಖಲಾಗಬೇಕು. ಆಗದಿದ್ದರೆ ಕಾಗದದ ಮೇಲೆ ನಿಮಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ. ನನ್ನವಳು ಎಲ್ಲವನ್ನೂ ಒಂದು ಹಸಿರು ರೆಕ್ಸಿನ್ ಫೈಲಿನಲ್ಲಿ ಜೋಡಿಸಿಟ್ಟಿದ್ದಳು. ಆದರೆ ಮಗನ ಹೆಸರಿನಲ್ಲಿ ಬರ್ತ್ ಸರ್ಟಿಫಿಕೇಟಿಗಿಂತ ಒಂದು 'ಎ' ಜಾಸ್ತಿ ಬಿದ್ದಿತ್ತು. ಮೇಡಂ ಕನ್ನಡಕದ ಮೇಲಿಂದ ನೋಡಿ ಆ 'ಎ' ಹಿಡಿದರು. ನೂರು ರೂಪಾಯಿ ಸ್ಟ್ಯಾಂಪ್ ಪೇಪರ್, ಅಫಿಡವಿಟ್, ಮೂರು ವಾರದಲ್ಲಿ ಸರಿಯಾಯಿತು. ಆವತ್ತು ಅವರು ಬರದಿದ್ದರೆ ಅಲಹಾಬಾದಿನ ಫೌಜಿ ಪಿಂಚಣಿ ಕಚೇರಿಗೆ ಹೋದ ಕಾಗದ ತಿರುಗಿ ಬರುತ್ತಿತ್ತು. ಹೋಗುವಾಗ ಮಗಳ ತಲೆ ಸವರಿ ಮಲಯಾಳಂನಲ್ಲಿ ಏನೋ ಅಂದರು. ಏನಂದರು ಅಂತ ಇವತ್ತಿಗೂ ಗೊತ್ತಿಲ್ಲ.

ಎರಡನೆಯದು ಸುಬೇದಾರ್ ಕಾಕಾಗೆ. ಬೆಳಗಾವಿಯವರು, ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ರಿಟೈರ್ ಆಗಿ ಪುಣೆಯ ವಾನವಡಿಯಲ್ಲಿ ಮನೆ ಮಾಡಿದ್ದಾರೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಬೆಂಚಿನ ಮೇಲೆ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಪಕ್ಕಕ್ಕೆ ಸರಿದು ಕೂತರು. 'ಯಾವ ಊರಾತ್ರಿ?' ಅಷ್ಟೇ. ಮುಂದಿನ ಭಾನುವಾರ ನಮ್ಮ ಅಡುಗೆಮನೆಯ ಟೇಬಲ್ಲಿನ ಮುಂದಿದ್ದರು. ಪಾರ್ಲೆ-ಜಿ ಪ್ಯಾಕೆಟ್ ಒಡೆದು ಹತ್ತು ಬಿಸ್ಕಿಟ್ ಸಾಲಾಗಿ ಇಟ್ಟರು.

'ಇದು ಮೇಡಂ ಅವ್ರ ಕೊನೀ ಪಗಾರ ಅಂತ ತಿಳ್ಕೋರಿ. ಲಡಾಯಿಯೊಳಗ ಹೋದ್ರ ಹತ್ತೂ ಮನಿಗೆ. ಅದು ಲಿಬರಲೈಸ್ಡ್ ಪೆನ್ಶನ್. ಡ್ಯೂಟಿ ಕಾರಣಕ್ಕ ಹೋದ್ರ ಆರು. ಅದು ಸ್ಪೆಷಲ್. ಡ್ಯೂಟಿಗೆ ಸಂಬಂಧ ಇಲ್ಲದ ಜಡ್ಡಿನಿಂದ ಹೋದ್ರ ಆರ್ಡಿನರಿ, ಮೂರು. ಆದ್ರ ನೌಕರಿಯೊಳಗ ಇದ್ದಾಗನ ಹೋದ್ರ ಮೊದಲ ಹತ್ತು ವರ್ಷ ಮೂರಲ್ಲ, ಐದು.'

ಸಾವಿಗೂ ದರ್ಜೆ ಇರುತ್ತದೆ ಅಂತ ಕೇಳಿ ಹೊಟ್ಟೆ ಕಿವುಚಿತು. ಕಾಕಾ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಬಿಟ್ಟರು. ಐದು ಬಿಸ್ಕಿಟ್ ನನ್ನ ಕಡೆ ಸರಿಸಿದರು. ಅಷ್ಟರಲ್ಲಿ ಮಗ ಬಂದು ಒಂದನ್ನು ಬಾಯಿಗೆ ಹಾಕಿಕೊಂಡ. 'ಅದು ಇನ್‌ಕಮ್ ಟ್ಯಾಕ್ಸ್' ಅಂದರು ಕಾಕಾ. ಎಷ್ಟೋ ವಾರಗಳ ಮೇಲೆ ನಾನು ಜೋರಾಗಿ ನಕ್ಕಿದ್ದು ಆವತ್ತೇ.

ಆಮೇಲೆ ಪಾಸ್‌ಬುಕ್ ಕೇಳಿದರು. ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿದರು. 'ಏ, ನಿಮಗ ಮೂರೇ ಕೊಡಾಕತ್ತಾರಲ್ರೀ!' ಪಿಪಿಒದಲ್ಲಿ ಎರಡೂ ದರ ಬರೆದಿತ್ತು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾವುದು ಅಂತ. ಆಗ ಪಿಂಚಣಿ ಬ್ಯಾಂಕಿನ ಮೂಲಕ ಬರುತ್ತಿತ್ತು. ಬ್ಯಾಂಕಿನಲ್ಲಿ ಎರಡನೇ ದರವನ್ನು ಮಾತ್ರ ಕಂಪ್ಯೂಟರಿಗೆ ಹಾಕಿಬಿಟ್ಟಿದ್ದರು. ಯಾವ ಬ್ಯಾಂಕ್ ಅಂತ ಹೇಳುವುದಿಲ್ಲ. ತಪ್ಪು ಮಾಡಿದವರೂ ಅಲ್ಲೇ ಇದ್ದರು, ಸರಿ ಮಾಡಿದ ಹುಡುಗಿಯೂ ಅಲ್ಲೇ ಇದ್ದಳು. ಏಳು ತಿಂಗಳ ಬಾಕಿ ಒಟ್ಟಿಗೆ ಬಂತು. ಆ ವರ್ಷದ ಶಾಲೆ ಫೀಸು ಅದರಲ್ಲೇ ಕಟ್ಟಿದ್ದು. ಕೌಂಟರ್ ನಂಬರ್ ನಾಲ್ಕರ ಆ ಹುಡುಗಿಗೂ ಒಂದು ಥ್ಯಾಂಕ್ಸ್. ಹೆಸರು ಕೇಳಲೇ ಇಲ್ಲ ನೋಡಿ.

ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಫ್ಯಾಮಿಲಿ ಪೆನ್ಶನ್ ಬರುತ್ತಿದ್ದರೆ ಪಿಪಿಒ ಒಮ್ಮೆ ತೆಗೆದು ನೋಡಿ. ಆಗ ಆ ಐದು ಬಿಸ್ಕಿಟ್ ಸಿಗಬೇಕಾದರೆ ಏಳು ವರ್ಷ ಸರ್ವಿಸ್ ಆಗಿರಬೇಕಿತ್ತು. ಇವಳದು ಹದಿನಾಲ್ಕಾಗಿತ್ತು. 2019ರ ಅಕ್ಟೋಬರ್ 1ರಿಂದ ಆ ಏಳು ವರ್ಷದ ಷರತ್ತನ್ನೇ ತೆಗೆದಿದ್ದಾರೆ. ಹೊಸದಾಗಿ ಸೇರಿದ ಹುಡುಗರ ಮನೆಯವರಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಅದೇ ಬೆಂಚಿನ ಮೇಲೆ ಸಿಕ್ಕವಳು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹೆಣ್ಣುಮಗಳು, ನಾನು ತಂಗಿ ಅನ್ನುವವಳು. ಅವಳ ಗಂಡ ಫೌಜಿನಲ್ಲಿ ನಾಯಕ್, ಹವಾಲ್ದಾರ್‌ಗಿಂತ ಒಂದು ದರ್ಜೆ ಕೆಳಗೆ. ಡ್ಯೂಟಿಯಲ್ಲಿದ್ದಾಗ ಗಾಡಿ ಉರುಳಿ ಹೋದವನು. ಅವಳದು ಆರು ಬಿಸ್ಕಿಟ್. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೇ, ಕಂಕುಳಲ್ಲಿ ಮಗು. ಅವಳ ಅರ್ಜಿ ನಾನು ತುಂಬುತ್ತಿದ್ದೆ. ನಾನು ಆಫೀಸಿಗೆ ಹೋದಾಗ ನನ್ನ ಮಗನನ್ನು ಅವಳು ಶಾಲೆಯಿಂದ ಕರೆತರುತ್ತಿದ್ದಳು. ಹವಾಲ್ದಾರ್ ದರ್ಜೆಯವರೆಗಿನವರ ಮಕ್ಕಳಿಗೆ ಕೇಂದ್ರೀಯ ಸೈನಿಕ ಬೋರ್ಡಿನಿಂದ ಓದಿಗೆ ನೆರವು ಸಿಗುತ್ತದೆ, ಇಬ್ಬರು ಮಕ್ಕಳವರೆಗೆ. ತಿಂಗಳಿಗೆ ತಲಾ 1000 ರೂಪಾಯಿ ಇತ್ತು. 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗೆ 2000. ಆಫೀಸರ್ ಮಕ್ಕಳು ಅಂತ ನಮ್ಮವರಿಗೆ ಇದಿಲ್ಲ, ಸರಿಯೇ. ಅವಳ ದೊಡ್ಡ ಮಗಳು ಈಗ ಎಂಜಿನಿಯರಿಂಗ್. ಪ್ರಧಾನಮಂತ್ರಿ ಸ್ಕಾಲರ್‌ಶಿಪ್ಪಿನಲ್ಲಿ ತಿಂಗಳಿಗೆ 3000 ಬರುತ್ತದೆ. ಆ ಅರ್ಜಿಯನ್ನು ಯಾರ ಸಹಾಯವೂ ಇಲ್ಲದೆ ತಂಗಿಯೇ ತುಂಬಿದಳು. ನನಗೆ ಬರೀ ಫೋಟೋ ಕಳಿಸಿದಳು, 'ಅಣ್ಣಾ, ನೋಡ್ರಿ' ಅಂತ.

ಗದಗಿನಿಂದ ಬಂದು ಆರು ವರ್ಷ ನಮ್ಮೊಂದಿಗೆ ಇದ್ದ ನನ್ನ ಅತ್ತೆಗೆ ಏನು ಹೇಳಲಿ? ಮಗಳನ್ನು ಕಳೆದುಕೊಂಡವರು ಅಳಿಯನ ಮನೆಯಲ್ಲಿ ರೊಟ್ಟಿ ಬಡಿದರು. ಥ್ಯಾಂಕ್ಸ್ ಅಂದರೆ ಬೈಯುತ್ತಾರೆ. ಹಾಗಾಗಿ ಅವರ ಹೆಸರಿಗೆ ಇಲ್ಲಿ ಇಷ್ಟೇ.

ಮದುವೆ ಮಾಡಿಕೋ ಅಂತ ಹೇಳಿದವರು ಬಹಳ. ಅವರಿಗೂ ಬೇಜಾರಿಲ್ಲ. ಕಾಕಾ ಮಾತ್ರ ಪೂರ್ತಿ ಹೇಳಿದರು. 'ಆಗ್ರಿ, ತಪ್ಪಿಲ್ಲ. ಆದ್ರ ಪಿಂಚಣಿ ನಿಮ್ಮ ಹೆಸರಿಂದ ಮಕ್ಕಳ ಹೆಸರಿಗೆ ಹೋಗ್ತದ, ಅವರಿಗೆ ಇಪ್ಪತ್ತೈದು ಆಗೋತನಕ. ತಿಳಕೊಂಡು ಆಗ್ರಿ.' ಪ್ರತಿ ನವೆಂಬರ್ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇನೆ ಅನ್ನುವ ಸರ್ಟಿಫಿಕೇಟ್, ಕೊಡುವಾಗ ಆ ಪ್ರಶ್ನೆ ಬರುತ್ತದೆ, ಮರುಮದುವೆ ಆಗಿದೆಯೇ ಅಂತ. ಮೊದಲೆಲ್ಲ ಬ್ಯಾಂಕಿನಲ್ಲಿ ಬೆರಳೊತ್ತಲು ಸಾಲು ನಿಲ್ಲುತ್ತಿದ್ದೆ. ಈಗ ಪಿಂಚಣಿ ರಕ್ಷಣಾ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಿಂದ ನೇರವಾಗಿ ಖಾತೆಗೆ ಬರುತ್ತದೆ. ಸರ್ಟಿಫಿಕೇಟಿಗೆ ಫೋನಿಗೆ ಮುಖ ತೋರಿಸಿದರೆ ಆಯಿತು. ಊರಿನ ಹೆಸರು ಪ್ರಯಾಗರಾಜ್ ಆಗಿ ಎಷ್ಟೋ ವರ್ಷವಾದರೂ ಪಿಂಚಣಿ ಕೊಡುವ ಕಚೇರಿಗಳ ಪಟ್ಟಿಯಲ್ಲಿ ಅಲಹಾಬಾದ್ ಅಂತಲೇ ಆರಿಸಬೇಕು. ಈ ಸಲ ಫೋನ್ ಹಿಡಿದವಳು ಮಗಳು. ಆ ಪ್ರಶ್ನೆ ಬಂದಾಗ ನನ್ನ ಕಡೆ ತಿರುಗಿ, 'ಇಲ್ಲ ಅಂತಲೇ ಒತ್ತಲಾ, ಇನ್ನೊಂದು ನಿಮಿಷ ಬೇಕಾ?' ಅಂದಳು.

ಅವಳು ಈಗ ಸಿಎ ಓದುತ್ತಾ ಆರ್ಟಿಕಲ್‌ಶಿಪ್ ಸೇರಿದ್ದಾಳೆ. ಸ್ವಲ್ಪ ಸ್ಟೈಪೆಂಡ್ ಬರುತ್ತದೆ. ಡಿಸೆಂಬರ್ ಮೆಸೇಜ್ ಬಂದಾಗ ಹಸಿರು ಫೈಲ್ ತೆಗೆದು, ಹಳೇ ಪಿಪಿಒ, 2016ರಿಂದ ಪರಿಷ್ಕರಿಸಿದ್ದು, ತುಟ್ಟಿಭತ್ಯೆ ಎಲ್ಲ ಹಿಡಿದು ಕೂತಳು. ಅರ್ಧ ಗಂಟೆ ಆದಮೇಲೆ ತಲೆ ಎತ್ತಿ, 'ಸರಿ ಇದೆ ಅಪ್ಪಾ, ಮೂರು' ಅಂದಳು. ಐದರಿಂದ ಮೂರಕ್ಕೆ ಇಳಿಯುವ ಹೊತ್ತಿಗೆ ಲೆಕ್ಕ ನೋಡುವವಳು ಮನೆಯಲ್ಲೇ ಇದ್ದಾಳೆ.

ಈ ಭಾನುವಾರ ಕಾಕಾ ಊಟಕ್ಕೆ ಬರುತ್ತಾರೆ. ಶುಗರ್ ಜಾಸ್ತಿಯಾಗಿದೆ, ಬಿಸ್ಕಿಟ್ ಮುಂದೆ ಇಡಬೇಡಿ ಅಂತ ಅವರ ಹೆಂಡತಿ, ನಮ್ಮ ಕಾಕು, ಫೋನ್ ಮಾಡಿ ಹೇಳಿದ್ದಾರೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಅಂತ ತೀರ್ಮಾನವಾಗಿದೆ. ಇಂಡಿ ತಂಗಿಯೂ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ.