ಅಪ್ಪಾ, ಮೇಲಿನ ತೋಟ ಮಾರಬೇಡಿ

ಕೊವೆಂಟ್ರಿ
9 ಮಾರ್ಚ್ 2025

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. 'ಉಭಯ ಕುಶಲೋಪರಿ' ಅಂತ ಬರೆಯಲು ಕೈ ಬರಲಿಲ್ಲ, ಅದಕ್ಕೇ ಬಿಟ್ಟೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಫೋನನ್ನು ಸ್ಪೀಕರಿಗೆ ಹಾಕುತ್ತೀರಿ. ಪಕ್ಕದಲ್ಲಿ ಅಮ್ಮ ಇರುತ್ತಾಳೆ, ಅಡುಗೆಮನೆಯಿಂದ ಅತ್ತಿಗೆ ಕೇಳಿಸಿಕೊಳ್ಳುತ್ತಾಳೆ. ನಾನು ಅರ್ಧ ಹೇಳುವಷ್ಟರಲ್ಲಿ ಅಮ್ಮನ ಅಳು ಶುರುವಾಗುತ್ತದೆ. ಹೋದ ಭಾನುವಾರ ಆದದ್ದೂ ಅದೇ ಅಲ್ವಾ? ಆ ಗಲಾಟೆಯಲ್ಲಿ ನೀವು ಎರಡು ಮಾತು ಹೇಳಿದಿರಿ. ಅಂಗಡಿಯ ಸಾಲ ತೀರಿಸಲು ಮೇಲಿನ ತೋಟ ಮಾರಿ ದುಡ್ಡು ಕಳಿಸುತ್ತೇನೆ ಅಂದಿರಿ. ಅದು ಬೇಡವಾದರೆ ನಾನು ಒಂದು ವಾರದ ಮಟ್ಟಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗಲಿ, ತೋಟವಾದರೂ ಉಳಿಯುತ್ತದೆ ಅಂದಿರಿ. ಎರಡೂ ಬೇಡ ಅಪ್ಪಾ. ಯಾಕೆ ಅಂತ ನಿಧಾನವಾಗಿ ಬರೆಯುತ್ತೇನೆ.

ನೀವು ಲೆಕ್ಕದ ಮನುಷ್ಯ, ಲೆಕ್ಕವನ್ನೇ ಮೊದಲು ಹೇಳುತ್ತೇನೆ. ಒಟ್ಟು ಸಾಲ 94 ಸಾವಿರ ಪೌಂಡ್. ರೂಪಾಯಿಯಲ್ಲಿ ಒಂದು ಕೋಟಿ ದಾಟುತ್ತದೆ. 2021ರಲ್ಲಿ ಟಿಫಿನ್ ಅಂಗಡಿಯನ್ನು ಕಂಪನಿ ಮಾಡಿಯೇ ತೆರೆದಿದ್ದೆ. ಮುಳುಗಿದರೆ ಕಂಪನಿ ಮುಳುಗುತ್ತದೆ, ಮನೆಗೆ ಏನೂ ತಟ್ಟುವುದಿಲ್ಲ ಅಂದುಕೊಂಡಿದ್ದೆ. ಆದರೆ ಅಂಗಡಿಯ ಹತ್ತು ವರ್ಷದ ಬಾಡಿಗೆ ಕರಾರಿಗೂ ಬ್ಯಾಂಕಿನ ಸಾಲಕ್ಕೂ ನಾನೇ ಜಾಮೀನು ನಿಂತಿದ್ದೆ. ಓದದೆ ಸಹಿ ಹಾಕಿದೆ ಅಂತಲ್ಲ. ಓದಿದ್ದೆ. ಅಂಥ ದಿನ ಬರುತ್ತದೆ ಅನ್ನಿಸಿರಲಿಲ್ಲ, ಅಷ್ಟೇ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಇಲ್ಲಿ ಕರೆಂಟು, ಗ್ಯಾಸಿನ ದರ ಸಿಕ್ಕಾಪಟ್ಟೆ ಏರಿತು. ದೋಸೆ ಕಾವಲಿ ಬೆಳಗಿನಿಂದ ರಾತ್ರಿವರೆಗೆ ಕಾದೇ ಇರಬೇಕು. ಗ್ಯಾಸು ಏರಿದಷ್ಟು ದೋಸೆಯ ದರ ಏರಿಸಿದ್ದರೆ ತಿನ್ನುವವರು ಯಾರು? ಹುಡುಗರ ಸಂಬಳಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಆ ಕಾರ್ಡಿನ ಕಂತಿಗೆ ಇನ್ನೊಂದು ಕಾರ್ಡ್. ಹೋದ ಜೂನಿನಲ್ಲಿ ಬಾಗಿಲು ಹಾಕಿದೆವು. ಕೊಯಮತ್ತೂರಿನಿಂದ ಅಷ್ಟು ಆಸೆಪಟ್ಟು ತರಿಸಿದ ದೊಡ್ಡ ರುಬ್ಬುವ ಯಂತ್ರ ಹರಾಜಿನಲ್ಲಿ 150 ಪೌಂಡಿಗೆ ಹೋಯಿತು. ಕೊಂಡವನು ಇದರಲ್ಲಿ ಸಿಮೆಂಟ್ ಕಲಸಬಹುದಾ ಅಂತ ಕೇಳಿದ. ಆ ದಿನ ನಗು ಬರಲಿಲ್ಲ. ಈಗ ಬರುತ್ತದೆ.

ಅದಾದ ಮೇಲೆ ಐದಾರು ತಿಂಗಳು ನಾನು ಮಾಡಿದ್ದು ಹೇಡಿಯ ಕೆಲಸ. ಬಂದ ಕಾಗದಗಳನ್ನು ಒಡೆಯದೆ ಚಮಚದ ಡ್ರಾಯರಿನಲ್ಲಿ ತುಂಬಿದೆ. ಕೊನೆಗೆ ಆ ಡ್ರಾಯರು ಮುಚ್ಚುತ್ತಿರಲಿಲ್ಲ. ಇವರು ಒಂದು ರಾತ್ರಿ ಅದನ್ನು ಹಾಗೇ ಎಳೆದು ತಂದು ಮೇಜಿನ ಮೇಲೆ ಇಟ್ಟರು. ಏನೂ ಬೈಯಲಿಲ್ಲ. ಒಂದೊಂದೇ ಒಡೆದು ಓದುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಬೆಳಗಿನ ಮೂರು ಗಂಟೆಗೆ ಕೂಡಿಸಿದಾಗ ಬಂದದ್ದು ಈ 94 ಸಾವಿರ. ನಿಜ ಹೇಳುತ್ತೇನೆ, ಆ ರಾತ್ರಿ ನಿದ್ದೆ ಬಂತು. ತೋಟಕ್ಕೆ ಕೊಳೆರೋಗ ಬಂದ ಮೇಲೆ ಮೈಲುತುತ್ತ ಹೊಡೆದು ಏನು ಪ್ರಯೋಜನ ಅಂತ ನೀವು ಅನ್ನುತ್ತೀರಿ. ಗೊತ್ತು. ಆರು ತಿಂಗಳು ಮೊದಲೇ ಕೂರಬೇಕಿತ್ತು.

ಸಾಲದ ಬಗ್ಗೆ ಪುಕ್ಕಟೆ ಸಲಹೆ ಕೊಡುವ ಸಂಸ್ಥೆಗಳು ಇಲ್ಲಿವೆ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಹೀಗೆ. ದುಡ್ಡು ಕೇಳುವ ಏಜೆಂಟರೂ ಇದ್ದಾರೆ, ಅವರ ಹತ್ತಿರ ಹೋಗಲಿಲ್ಲ. ಫೋನಿನಲ್ಲಿ ಸಿಕ್ಕ ಹೆಂಗಸು ಒಂದೂವರೆ ಗಂಟೆ ಮಾತಾಡಿದಳು. ಅಕ್ಕಿ ಬೇಳೆಗೆ ಎಷ್ಟು, ಬಸ್ಸಿಗೆ ಎಷ್ಟು, ತಲೆಕೂದಲು ಕತ್ತರಿಸುವುದಕ್ಕೆ ಎಷ್ಟು, ಎಲ್ಲ ಬರೆಸಿದಳು. ನಿಮಗೆ ತಿಂಗಳು ತಿಂಗಳು ಕಳಿಸುತ್ತಿದ್ದ 100 ಪೌಂಡ್ ಹೇಳುವಾಗ ನನ್ನ ಗಂಟಲು ಕಟ್ಟಿತು. ಜನವರಿಯಿಂದ ಅದು ಯಾಕೆ ನಿಂತಿದೆ ಅಂತ ಈಗ ನಿಮಗೆ ಗೊತ್ತಾಯಿತು. ಬ್ಯಾಂಕಿನ ತೊಂದರೆ ಅಂತ ಅಮ್ಮನಿಗೆ ಹೇಳಿದ್ದು ಸುಳ್ಳು.

ಫೆಬ್ರವರಿಯಲ್ಲಿ ಆ ಸಲಹೆಯ ಹೆಂಗಸು 60 ದಿನದ ಬಿಡುವು ಕೊಡಿಸಿದಳು. ಅಷ್ಟು ದಿನ ಬಡ್ಡಿ ಏರುವುದಿಲ್ಲ, ವಸೂಲಿಯವರು ಬಾಗಿಲು ತಟ್ಟುವ ಹಾಗಿಲ್ಲ. ಇಲ್ಲಿ ಇದು 2021ರಿಂದ ಕಾನೂನಿನಲ್ಲೇ ಇದೆ. ಸಣ್ಣ ಸಾಲಗಾರರಿಗೆ ಇನ್ನೂ ಸುಲಭದ ದಾರಿ ಇದೆ, ಆದರೆ ಅದು 50 ಸಾವಿರ ಪೌಂಡಿನ ಒಳಗಿನವರಿಗೆ. ಐದಾರು ವರ್ಷ ಕಂತಿನಲ್ಲಿ ತೀರಿಸುವ ಒಪ್ಪಂದವೂ ಇದೆ, ಅದಕ್ಕೆ ತಿಂಗಳ ಕೊನೆಯಲ್ಲಿ ಕೈಯಲ್ಲಿ ಏನಾದರೂ ಉಳಿಯಬೇಕಲ್ಲ. ಹಾಗಾಗಿ ನನಗೆ ಉಳಿದದ್ದು ದಿವಾಳಿ.

ನಮ್ಮ ಕಡೆ ಪಾಪರ್ ಚೀಟಿ ತಗೊಂಡ ಅಂದರೆ ಊರಿಗೆಲ್ಲ ಟೋಪಿ ಹಾಕಿದ ಅಂತಲೇ ಅರ್ಥ. ಇಲ್ಲಿ ಅದು ಒಂದು ಅರ್ಜಿ. ಆನ್‌ಲೈನಿನಲ್ಲಿ ತುಂಬಬೇಕು. ಕೋರ್ಟಿಗೆ ಹೋಗಬೇಕಾಗಿಲ್ಲ, 2016ರಿಂದ ಅದನ್ನು ತೆಗೆದಿದ್ದಾರೆ. ಶುಲ್ಕ 680 ಪೌಂಡ್. ದಿವಾಳಿ ಆಗುವುದಕ್ಕೂ 75 ಸಾವಿರ ರೂಪಾಯಿ ಕಟ್ಟಬೇಕು ನೋಡಿ! ಡಿಸೆಂಬರಿನಿಂದ ಕಂತಿನಲ್ಲಿ ಕಟ್ಟುತ್ತಾ ಬಂದಿದ್ದೇನೆ, ಇನ್ನು 80 ಪೌಂಡ್ ಬಾಕಿ. ಅರ್ಜಿ ಹಾಕಿದ 28 ದಿನದೊಳಗೆ ತೀರ್ಮಾನ ಹೇಳುತ್ತಾರೆ. ಆಮೇಲೆ ಅಫಿಷಿಯಲ್ ರಿಸೀವರ್ ಅಂತ ಸರ್ಕಾರದ ಅಧಿಕಾರಿ ಒಬ್ಬರು ನನ್ನ ಆಸ್ತಿ, ಸಾಲ ಎಲ್ಲ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟರೆ ಸಾಮಾನ್ಯವಾಗಿ 12 ತಿಂಗಳಿಗೆ ಬಿಡುಗಡೆ. ತಿಂಗಳಿಗೆ ಏನಾದರೂ ಉಳಿಯುತ್ತದೆ ಅಂತ ಅವರಿಗೆ ಕಂಡರೆ ಮೂರು ವರ್ಷದವರೆಗೆ ಅದನ್ನು ಕಟ್ಟಿಸಿಕೊಳ್ಳಬಹುದು. ಆರು ವರ್ಷ ಸಾಲದ ದಾಖಲೆಯಲ್ಲಿ ಈ ಕಲೆ ಇರುತ್ತದೆ. ಅಷ್ಟು ದಿನ ಬಾಡಿಗೆ ಮನೆ ಬದಲಿಸುವುದು ಕಷ್ಟ. ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದೆ, ಅದನ್ನೂ ಮುಂದೆ ಹಾಕಿದ್ದೇನೆ. ಆಸ್ಪತ್ರೆಯ ಆಫೀಸಿನ ಕೆಲಸಕ್ಕೆ ತೊಂದರೆ ಇಲ್ಲ, ಕರಾರನ್ನು ಎರಡು ಸಲ ಓದಿದೆ.

ಈಗ ತೋಟದ ಮಾತು. ಮೇಲಿನ ತೋಟ ಮಾರಿದರೆ ಜಾಸ್ತಿ ಅಂದರೆ 40 ಲಕ್ಷ ಬರಬಹುದು ಅಂತ ನೀವೇ ಹೇಳಿದಿರಿ. ಸಾಲದ ಅರ್ಧವೂ ತೀರುವುದಿಲ್ಲ. ಆಗಲೂ ನಾನು ದಿವಾಳಿಯೇ, ಜೊತೆಗೆ ನಿಮಗೆ ತೋಟ ಇಲ್ಲ. ಇದರಲ್ಲಿ ಯೋಚನೆ ಮಾಡುವುದೇನಿದೆ?

ಹಕ್ಕು ಬಿಡುಗಡೆ ಪತ್ರದ ವಿಷಯ ಇನ್ನೂ ನಾಜೂಕು. ಈ ಉಪಾಯ ಅಣ್ಣನದ್ದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನೆ. ಆದರೆ ತೋಟ ಅಜ್ಜನಿಂದ ಬಂದದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಮತ್ತೆ ಗಟ್ಟಿ ಮಾಡಿತು. ಆ ತೀರ್ಪು ಬಂದ ದಿನ ಪೇಪರ್ ಓದಿ ನನಗೆ ಫೋನ್ ಮಾಡಿ ಹೇಳಿದವರು ನೀವೇ, ನೆನಪಿದೆಯಾ? ಇಲ್ಲಿಯ ಅರ್ಜಿಯಲ್ಲಿ ಯಾವ ದೇಶದಲ್ಲಿ ಏನಿದ್ದರೂ ಬರೆಯಬೇಕು. ಹಿಂದಿನ ಐದು ವರ್ಷದಲ್ಲಿ ಏನನ್ನಾದರೂ ಪುಕ್ಕಟೆ ಅಥವಾ ಕಡಿಮೆ ಬೆಲೆಗೆ ಕೊಟ್ಟಿದ್ದರೆ ಅದನ್ನೂ. ಅರ್ಜಿಗೆ ಒಂದು ತಿಂಗಳ ಮೊದಲು ಶಿರಸಿಗೆ ಬಂದು ಪಾಲನ್ನು ಅಣ್ಣನ ಹೆಸರಿಗೆ ಬರೆದು ಹೋದರೆ ಅದು ಬಚ್ಚಿಟ್ಟ ಹಾಗೆಯೇ. ಸಿಕ್ಕಿಬಿದ್ದರೆ ನನ್ನ ಮೇಲಿನ ದಿವಾಳಿಯ ಕಟ್ಟುಪಾಡನ್ನು 15 ವರ್ಷದವರೆಗೂ ಎಳೆಯಬಹುದು. ಸಿಕ್ಕಿಬೀಳದಿದ್ದರೂ ನಾನು ಆ ಕಾಗದಕ್ಕೆ ಸಹಿ ಹಾಕುವುದಿಲ್ಲ. ತೋಟದಲ್ಲಿ ನನ್ನ ಪಾಲು ಇದೆ ಅಂತ ಬರೆಯುತ್ತೇನೆ. ಭಾಗ ಆಗಿಲ್ಲ, ಅಪ್ಪ ಅಮ್ಮ ಅದರಲ್ಲೇ ಬದುಕುತ್ತಿದ್ದಾರೆ ಅಂತಲೂ ಬರೆಯುತ್ತೇನೆ.

ಇಷ್ಟು ಬರೆದ ಮೇಲೆ ಬಳೆಯ ವಿಷಯವನ್ನೂ ಹೇಳಲೇಬೇಕು. ಮದುವೆಯಲ್ಲಿ ಹಾಕಿದ ನಾಲ್ಕು ಬಳೆ ಈಗಿಲ್ಲ. 2023ರಲ್ಲಿ ಮಾರಿ ಅಂಗಡಿಯ ಬಾಡಿಗೆ ಕಟ್ಟಿದೆ. ಮೊಮ್ಮಗಳ ಹುಟ್ಟುಹಬ್ಬದ ಫೋಟೋದಲ್ಲಿ ಅಮ್ಮ ನೋಡಿದ್ದು ಉಮಾಗೋಲ್ಡ್‌ನ ನಕಲಿ ಬಳೆ. ಬಳೆ ಮಾರಿದ್ದೂ ಅರ್ಜಿಯಲ್ಲಿದೆ.

ಅಣ್ಣನ 8 ಲಕ್ಷ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಸುಡುತ್ತಿದೆ. ಅತ್ತಿಗೆಯ ಬಂಗಾರ ಸೊಸೈಟಿಯಲ್ಲಿ ಇಟ್ಟು ಕೊಟ್ಟ ದುಡ್ಡು. ಬ್ಯಾಂಕಿಗೆ ನಾಮ ಹಾಕಿದರೂ ಅಣ್ಣನದ್ದು ಮೊದಲು ತೀರಿಸಬೇಕು ಅಂತ ಇದ್ದೆ. ಸೆಪ್ಟೆಂಬರಿನಲ್ಲಿ 900 ಪೌಂಡ್ ಕಳಿಸಿಯೂ ಇದ್ದೆ. ಹಾಗೆ ಮಾಡುವಂತಿಲ್ಲವಂತೆ. ಎಲ್ಲರಿಗೂ ಕೊಡಲಾಗದಾಗ ಮನೆಯವರಿಗೆ ಮಾತ್ರ ಕೊಟ್ಟರೆ, ಎರಡು ವರ್ಷ ಹಿಂದಿನವರೆಗೂ ಅದನ್ನು ಕೆದಕುತ್ತಾರೆ. ಆ 900 ಅನ್ನು ಅಣ್ಣನಿಂದ ವಾಪಸು ಕೇಳಲೂಬಹುದು. ಇದನ್ನು ಅವನಿಗೆ ನಾನೇ ಹೇಳುತ್ತೇನೆ, ನೀವು ನಡುವೆ ಬರಬೇಡಿ. ಸಾಲ ಕೊಟ್ಟವರ ಪಟ್ಟಿಯಲ್ಲಿ ಬ್ಯಾಂಕುಗಳ ಕೆಳಗೆ ಅಣ್ಣನ ಹೆಸರು ಟೈಪ್ ಮಾಡಿದ ದಿನ ಊಟ ಸೇರಲಿಲ್ಲ. ಬಿಡುಗಡೆ ಆದ ಮೇಲೆ ನನ್ನ ಸಂಬಳದಿಂದ ನಾನಾಗಿ ಕೊಟ್ಟರೆ ಯಾರೂ ತಡೆಯುವುದಿಲ್ಲ. ಕೊಡುತ್ತೇನೆ. ಎಷ್ಟು ವರ್ಷ ಅಂತ ಮಾತ್ರ ಕೇಳಬೇಡಿ.

ನಾಚಿಕೆ ಆಗುವುದಿಲ್ಲವಾ ಅಂದರೆ ಆಗುತ್ತದೆ. ನೀವು ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದಾಗ ಮಾರ್ಚ್ ಬಂತೆಂದರೆ ಸುಸ್ತಿದಾರರ ಪಟ್ಟಿಯನ್ನು ಬೋರ್ಡಿಗೆ ಅಂಟಿಸುತ್ತಿದ್ದಿರಿ. ಶಾಲೆ ಬಿಟ್ಟು ಬರುವಾಗ ನಾವು ಮಕ್ಕಳು ನಿಂತು ಯಾರ್ಯಾರ ಅಪ್ಪನ ಹೆಸರಿದೆ ಅಂತ ಓದುತ್ತಿದ್ದೆವು. ಜೋರಾಗಿ ಓದುತ್ತಿದ್ದೆವು. ಒಂದು ಸಲ ನನ್ನ ಪಕ್ಕದಲ್ಲೇ ನಿಂತಿದ್ದ ಹುಡುಗಿಯ ಅಪ್ಪನ ಹೆಸರನ್ನು ನಾನೇ ಓದಿದೆ. ಅವಳು ಮರುದಿನ ಬೇರೆ ಬೆಂಚಿಗೆ ಹೋದಳು. ನೀವು ವಸೂಲಿಗೆ ಹೋದ ಮನೆಯಲ್ಲಿ ಕಾಫಿ ಕುಡಿಯುತ್ತಿರಲಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಕೇಳಲು ಬಂದವನು ಅವರ ಸಕ್ಕರೆ ಖರ್ಚು ಮಾಡಬಾರದು ಅಂತ. ಈ ವಾರ ಅದು ನನಗೆ ಪದೇ ಪದೇ ನೆನಪಾಯಿತು. ಇಲ್ಲಿಯೂ ಒಂದು ಬೋರ್ಡ್ ಇದೆ. ಗೆಜೆಟ್‌ನಲ್ಲಿ ಹೆಸರು ಬರುತ್ತದೆ, ಸರ್ಕಾರದ ಆನ್‌ಲೈನ್ ಪಟ್ಟಿಯಲ್ಲೂ ಬರುತ್ತದೆ. ಕನ್ನಡ ಬಳಗದವರು ಯಾರಾದರೂ ಹುಡುಕಿದರೆ ಸಿಗುತ್ತೇನೆ. ಯುಗಾದಿ ಕಾರ್ಯಕ್ರಮಕ್ಕೆ ಹೋಗುವುದಾ ಬೇಡವಾ ಅಂತ ಇವರೂ ನಾನೂ ಇನ್ನೂ ಜಗಳ ಆಡುತ್ತಿದ್ದೇವೆ.

ಮಗಳಿಗೆ ಹೇಳಿದ್ದೇವೆ. ಅಜ್ಜಿ ಕೊಟ್ಟ ಹಾರ್ಮೋನಿಯಂ ಒಯ್ಯುತ್ತಾರಾ ಅಂತ ಕೇಳಿದಳು. ಮನೆಯ ಸಾಮಾನು ಮುಟ್ಟುವುದಿಲ್ಲ, ಹಳೆಯ ಕಾರೂ ಕೆಲಸಕ್ಕೆ ಬೇಕಾದ್ದರಿಂದ ಬಹುಶಃ ಉಳಿಯುತ್ತದೆ ಅಂದೆ. ಹಾಗಾದರೆ ಸರಿ ಅಂತ ಟಿವಿ ಹಾಕಿದಳು.

ತಯಾರಿ ಬಹುಪಾಲು ಮುಗಿದಿದೆ. ನನ್ನ ಸಾಲವೇ ಇಲ್ಲದ ಬೇರೆ ಬ್ಯಾಂಕಿನಲ್ಲಿ ಸಾದಾ ಖಾತೆ ತೆರೆದು ಸಂಬಳವನ್ನು ಅಲ್ಲಿಗೆ ತಿರುಗಿಸಿದ್ದೇನೆ. ಇಲ್ಲದಿದ್ದರೆ ಆದೇಶ ಬಂದ ದಿನ ಖಾತೆ ನಿಂತುಹೋಗಿ ಹಾಲಿಗೂ ದುಡ್ಡಿರುವುದಿಲ್ಲ. ಕರೆಂಟು, ಬಾಡಿಗೆ ಎಲ್ಲ ಆ ಖಾತೆಯಿಂದಲೇ ಹೋಗುತ್ತದೆ. ಇನ್ನು ನಿಮ್ಮಿಂದ ಬೇಕಾದದ್ದು ಮೂರು ಕಾಗದ. ತೋಟದ ಈ ವರ್ಷದ ಪಹಣಿ. ಸೊಸೈಟಿಯಲ್ಲಿ ಅಣ್ಣ ಬಂಗಾರ ಇಟ್ಟ ರಸೀದಿಯ ಫೋಟೋ. ಲಾಕರಿನಲ್ಲಿರುವ ನನ್ನ ಎರಡೆಳೆ ಸರವನ್ನು ಪೇಟೆಯಲ್ಲಿ ತೂಕ ಮಾಡಿಸಿದ ಚೀಟಿ. ಸರ ಮತ್ತೆ ಲಾಕರಿಗೇ ಹೋಗಬೇಕು. ಅತ್ತಿಗೆಯ ಕೊರಳಿಗೆ ಹಾಕಿ 'ಇದು ಅವಳದ್ದೇ' ಅನ್ನುವ ಉಪಾಯ ಅಮ್ಮ ಹೂಡುತ್ತಾಳೆ, ಬಿಡಬೇಡಿ. ಯುಗಾದಿ 30ಕ್ಕೆ. ಅದು ಮುಗಿದ ಮೇಲಿನ ವಾರದಲ್ಲಿ ಅರ್ಜಿ ಒತ್ತುತ್ತೇನೆ. ಅಷ್ಟರೊಳಗೆ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು.

ಅಮ್ಮನಿಗೆ ನೀವೇ ಹೇಳಿ. ಬಳೆಯ ವಿಷಯವನ್ನೂ ಹೇಳಿ, ಬೈಯುವುದಿದ್ದರೆ ಫೋನ್ ಮಾಡಿ ಬೈಯಲಿ. ಗೆಜೆಟ್ ಮಾತ್ರ ಹೇಳಬೇಡಿ. ಅವಳು ಅದನ್ನು ನಮ್ಮಲ್ಲಿಗೆ ಬರುವ ಪೇಪರ್ ಅಂದುಕೊಂಡು ದಿನಾ ಬೆಳಿಗ್ಗೆ ಹುಡುಕುತ್ತಾಳೆ.

ಇಂತಿ ನಿಮ್ಮ ಮಗಳು