ನರಗುಂದದ ಉದಾಹರಣೆ ಮತ್ತು ‘ಭಯೋತ್ಪಾದಕ’ ಎಂಬ ಪದ

ಮಾನ್ಯರೇ,

ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ಹುಬ್ಬಳ್ಳಿ–ಧಾರವಾಡದ ಚರ್ಚಾಸ್ಪರ್ಧೆಗಳಲ್ಲೂ ಪತ್ರಿಕೆಗಳ ತಲೆಬರಹಗಳಲ್ಲೂ ಎರಡು ಪ್ರಶ್ನೆಗಳು ಕಲಸುಮೇಲೋಗರವಾಗುತ್ತವೆ. ಆಯುಧ ಎತ್ತುವ ಹಕ್ಕಿತ್ತೇ ಎಂಬುದು ಒಂದು, ಎತ್ತಿದ ಮೇಲೆ ಯಾರ ಮೇಲೆ ಹೇಗೆ ಬೀಸಿದರು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಗೆದ್ದ ದೇಶ ಎರಡನೆಯದರಲ್ಲಿ ಅಪರಾಧಿಯಾಗಬಹುದು.

ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಬಲಪ್ರಯೋಗದ ಬೆದರಿಕೆಯನ್ನೂ ನಿಷೇಧಿಸುತ್ತದೆ. ಸನ್ನದಿನಲ್ಲಿ ವಿನಾಯಿತಿ ಎರಡೇ: ಭದ್ರತಾ ಮಂಡಳಿಯ ಅನುಮತಿ, ಇಲ್ಲವೇ 51ನೇ ವಿಧಿಯ ಆತ್ಮರಕ್ಷಣೆ. ಆತ್ಮರಕ್ಷಣೆ ಎಂದವರು ಕೂಡಲೇ ಮಂಡಳಿಗೆ ವರದಿ ಕೊಡಬೇಕು. ನಿಕರಾಗುವಾದ ಮೇಲೆ ಬಲ ಪ್ರಯೋಗಿಸಿದ ಅಮೆರಿಕ, ನೆರೆಯ ಎಲ್ ಸಾಲ್ವಡೋರ್‌ನ ಬಂಡುಕೋರರಿಗೆ ಆ ದೇಶ ಆಯುಧ ಕೊಡುತ್ತಿದೆ, ತನ್ನದು ಎಲ್ ಸಾಲ್ವಡೋರ್ ಪರವಾದ ಆತ್ಮರಕ್ಷಣೆ ಎಂದಿತ್ತು. 1986ರ ಆ ಪ್ರಕರಣದ ತೀರ್ಪಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಅಮೆರಿಕ ವರದಿ ಕೊಡದಿದ್ದುದನ್ನೂ ಅದರ ವಾದದ ವಿರುದ್ಧವೇ ಎಣಿಸಿತು. ಎಲ್ ಸಾಲ್ವಡೋರ್‌ನಲ್ಲಿ ಬಂಡುಕೋರರ ದಾಳಿ ಹಿಮ್ಮೆಟ್ಟಿ ತಿಂಗಳುಗಳಾದ ಮೇಲೆ ಅಮೆರಿಕ ಹೊಡೆದದ್ದು ‘ಅಗತ್ಯ’ ಆಗಿರಲಿಲ್ಲ ಎಂದಿತು. ಬಂಡುಕೋರರಿಗೆ ಆಯುಧ ಒದಗಿಸುವುದು ಕಾನೂನುಭಂಗವೇ ಹೌದು, ಆದರೆ ಅದೊಂದೇ ‘ಸಶಸ್ತ್ರ ದಾಳಿ’ ಆಗದು ಎಂದೂ ಅದೇ ತೀರ್ಪು ಹೇಳಿದೆ. ಅಮೆರಿಕದ ಮೇಲಿನ 2001ರ ಭಯೋತ್ಪಾದಕ ದಾಳಿಯ ನಂತರ ಹಲವು ದೇಶಗಳಿಗೆ ಈ ಗೆರೆ ಇರಿಸುಮುರಿಸಾಗಿದೆ.

ನಾಗರಿಕರು ಸತ್ತ ಸುದ್ದಿ ಬಂದೊಡನೆ ‘ಯುದ್ಧಾಪರಾಧ’ ಎಂದು ಅಚ್ಚುಹಾಕುವುದು ಅವಸರ. ‘ಯುದ್ಧದಲ್ಲಿ ಇದೆಲ್ಲ ಇದ್ದದ್ದೇ’ ಎಂದು ಕೈತೊಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಗುರಿ ಏನಾಗಿತ್ತು, ಆದೇಶ ಕೊಟ್ಟವನಿಗೆ ಆ ಹೊತ್ತಿನಲ್ಲಿ ಏನು ತಿಳಿದಿತ್ತು, ನಿರೀಕ್ಷಿಸಿದ ಸೈನಿಕ ಲಾಭಕ್ಕೆ ಹೋಲಿಸಿದರೆ ಜನಹಾನಿ ಮಿತಿಮೀರಿತೇ ಎಂದು ಕೇಳಬೇಕು. ಸೇನೆಯ ಲಾರಿಗಳು ದಾಟುವ ಸೇತುವೆ ಗುರಿಯಾಗಬಹುದು. ನಡುರಾತ್ರಿ ಕೆಡವಬಹುದಾಗಿದ್ದ ಅದೇ ಸೇತುವೆಯನ್ನು ಸಂತೆಯ ಹೊತ್ತಿಗೆ ಕೆಡವಿದರೆ ಉತ್ತರ ಕೊಡಬೇಕಾಗುತ್ತದೆ. ಎದುರಾಳಿ ಜನರ ನಡುವೆ ಅಡಗಿದ್ದು ಅವನ ತಪ್ಪು. ಆದರೆ ಅದರಿಂದ ಹೊಡೆಯುವವನ ಹೊಣೆ ಕಳಚುವುದಿಲ್ಲ.

ಭಯೋತ್ಪಾದನೆಯ ಮಾತು ಬಂದಾಗ ನಮ್ಮ ಕಡೆಯ ಭಾಷಣಕಾರರು ನರಗುಂದಕ್ಕೆ ಹೋಗುತ್ತಾರೆ: 1858ರಲ್ಲಿ ಬಂಡೆದ್ದ ಅಲ್ಲಿನ ಅರಸ ಬಾಬಾಸಾಹೇಬ ಬ್ರಿಟಿಷರಿಗೆ ಬಂಡುಕೋರ, ನಮಗೆ ವೀರ, ಹಾಗಾಗಿ ವ್ಯಾಖ್ಯಾನವೇ ಅಸಾಧ್ಯ ಎಂದು. ಚಪ್ಪಾಳೆ ಬೀಳುತ್ತದೆ, ಆದರೆ ವಾದದಲ್ಲಿ ಹುರುಳಿಲ್ಲ. ಆತ ಏರಿಹೋದದ್ದು ಬ್ರಿಟಿಷ್ ಅಧಿಕಾರಿ, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಮೇಲೆ, ಸಂತೆಯ ಮಂದಿಯ ಮೇಲಲ್ಲ. ಭಯೋತ್ಪಾದನೆಗೆ ಹಣ ಒದಗಿಸುವುದನ್ನು ತಡೆಯುವ 1999ರ ಒಪ್ಪಂದ ನೋಡುವುದು ಇದನ್ನೇ, ಗುರಿ ಯಾರು ಎಂಬುದನ್ನೇ. ಅದರ ಪ್ರಕಾರ ಭಯೋತ್ಪಾದನೆ ಎಂದರೆ ನಾಗರಿಕರನ್ನೋ ಕಾದಾಟದಲ್ಲಿ ತೊಡಗಿರದವರನ್ನೋ, ಜನರನ್ನು ಹೆದರಿಸಲು ಇಲ್ಲವೇ ಸರ್ಕಾರವನ್ನು ಮಣಿಸಲು ಕೊಲ್ಲುವ ಕೃತ್ಯ. ಧ್ಯೇಯ ಎಷ್ಟೇ ದೊಡ್ಡದಿರಲಿ, ಅದು ಲೆಕ್ಕಕ್ಕಿಲ್ಲ. 1996ರಲ್ಲಿ ಭಾರತವೇ ಮುಂದಿಟ್ಟ ಭಯೋತ್ಪಾದನೆ ವಿರುದ್ಧದ ಸಮಗ್ರ ಒಪ್ಪಂದದ ಕರಡು ಮಾತ್ರ ವಿಮೋಚನಾ ಹೋರಾಟಗಳನ್ನೂ ಸರ್ಕಾರಿ ಸೇನೆಗಳನ್ನೂ ಹೊರಗಿಡಬೇಕೇ ಎಂಬ ಜಗ್ಗಾಟದಲ್ಲಿ ನೆನೆಗುದಿಗೆ ಬಿದ್ದಿದೆ.

ಇನ್ನೊಂದು ತಿದ್ದುಪಡಿ. ಯುದ್ಧದಲ್ಲಿ ಗಾಯಾಳು, ಸೆರೆಯಾಳು, ನಾಗರಿಕರನ್ನು ಕಾಪಾಡುವ ಜಿನೀವಾ ಒಪ್ಪಂದಗಳ 1977ರ ಹೆಚ್ಚುವರಿ ಪ್ರೋಟೊಕಾಲ್‌ಗಳಿಗೆ ಭಾರತ ಸೇರಿಲ್ಲ. ನಮ್ಮನ್ನು ಕಟ್ಟಿಹಾಕುವುದು 1949ರ ನಾಲ್ಕು ಒಪ್ಪಂದಗಳು, ಅವುಗಳಿಗಾಗಿ ಸಂಸತ್ತು ಮಾಡಿದ 1960ರ ಕಾಯ್ದೆ ಮತ್ತು ದೇಶಗಳು ಕಾನೂನೆಂದೇ ಪಾಲಿಸಿಕೊಂಡು ಬಂದ ರೂಢಿಗತ ನಿಯಮಗಳು. ವರದಿಗಳಲ್ಲಿ ಈ ವ್ಯತ್ಯಾಸ ಕಾಣಲಿ.

— ಅಂತರರಾಷ್ಟ್ರೀಯ ಕಾನೂನು ಅಧ್ಯಾಪಕರು, ಧಾರವಾಡ